ಕೈಗೆ ಬೀಡಿ, ಕಿವಿಗೆ ಲೈಬ್ರರಿ

ಕಣ್ಣೂರು ಕಡೆಯ ನಮ್ಮ ಬೀಡಿ ಶೆಡ್ಡಿನಲ್ಲಿ ಪೇಪರ್, ಪುಸ್ತಕ ಓದುವವನು ಬೀಡಿ ಕಟ್ಟುವುದಿಲ್ಲ. ಅವನು ಎಲ್ಲರಿಗೂ ಕೇಳುವಂತೆ ಓದುತ್ತಾನೆ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಾರೆ. ಈಗಿನ ಓದುಗ ಕುಂಞಂಬು ಏಟ್ಟ, ಎಂದರೆ ಎಲ್ಲರಿಗೂ ಕುಂಞಂಬು ಅಣ್ಣ. ಮಂತ್ರಿಯ ಸುದ್ದಿಗೆ ಗಂಟಲ ದನಿ, ಸಾವಿನ ಸುದ್ದಿಗೆ ಮೂಗಿನ ದನಿ, ಚಿನ್ನದ ಬೆಲೆಗೆ ಬರೀ ನಿಟ್ಟುಸಿರು.

ಒಂದು ದಿನ ಚಿನ್ನದ ಬೆಲೆ ಮುಗಿಯುವಷ್ಟರಲ್ಲಿ ರೋಹಿಣಿ ಹೇಳಿದಳು, "ನಾನು ಹತ್ತನೇ ಪರೀಕ್ಷೆ ಬರೆಯೋದಿಲ್ಲ."

ಎಲ್ಲರ ನೂಲೂ ನಿಂತಿತು. ವರ್ಷಗಟ್ಟಲೆ ಹೊಗೆಸೊಪ್ಪಿನ ಧೂಳಿಗೆ ಕೆಮ್ಮಿ ಕೆಮ್ಮಿ ಸಾಕಾದವಳು ರೋಹಿಣಿ. ಹತ್ತನೇ ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು.

"ಎಂತಕ್ಕೆ ಮಾರಾಯ್ತಿ?" ಎಂದಳು ಪಕ್ಕದವಳು.

"ಪಾಠ, ಹಳೇ ಪ್ರಶ್ನೆಪತ್ರಿಕೆ ಎಲ್ಲ ಲೈಬ್ರರಿಯ ವೆಬ್‌ಸೈಟಿನಲ್ಲುಂಟು. ಫೋನಿಗೆ ಇಳಿಸೋದು ಹೇಗೆ ಅಂತ ಸ್ಮಿಷ ತೋರಿಸಿದ್ಳು. ಎದುರಿದ್ದಾಗ ಗೊತ್ತಾಗ್ತದೆ, ಹೊಸ್ತಿಲು ದಾಟಿದ್ರೆ ಮರೀತದೆ. ಮತ್ತೆ ಮತ್ತೆ ಕೇಳ್ಲಿಕ್ಕೆ ನಾಚಿಕೆ ಆಗೋದಿಲ್ವಾ?"

ಮಾತು ಲೈಬ್ರರಿ ನೋಡಿಕೊಳ್ಳುವ ಸ್ಮಿಷಳ ಕಿವಿಗೂ ಬಿತ್ತು. ಮರುದಿನ ಚಹಾ ಮುಗಿದು ಎಲ್ಲರೂ ಮತ್ತೆ ಕೆಲಸ ಹಿಡಿಯುವ ಹೊತ್ತಿಗೆ ಫೋನ್ ಹಿಡಿದು ಬಂದೇಬಿಟ್ಟಳು.

"ರೋಹಿಣಿಯಕ್ಕ, ಫೋನಿನ ಪರದೆಯ ಮೇಲೆ ನಾನು ಏನೇನು ಮಾಡ್ದೆನೋ ಎಲ್ಲ ರೆಕಾರ್ಡ್ ಆಗಿದೆ. ಬೆರಳು ಒತ್ತಿದ ಜಾಗ ಕಾಣ್ತದೆ, ನನ್ನ ಮಾತು ಕೇಳ್ತದೆ. ನೂರು ಸಲ ಹಾಕಿ, ಅದು ಮುಖ ಸಿಂಡರಿಸೋದಿಲ್ಲ."

ಕುಂಞಂಬು ಏಟ್ಟ ಕನ್ನಡಕ ಏರಿಸಿದ. "ಲೈಬ್ರರಿ ಅಂದ್ರೆ ಪುಸ್ತಕ. ಪುಸ್ತಕಕ್ಕೆ ಬಾಯಿ ನಾನು. ಈ ಡಬ್ಬಿಯೇ ಮಾತಾಡಿದ್ರೆ ನಾಳೆ ನನ್ನ ಪಾಲು ಯಾರು ಕಟ್ಟೋದು?"

ಸ್ಮಿಷ ಫೋನನ್ನು ಬೀಡಿ ಎಲೆಯ ಮೊರಕ್ಕೆ ಒರಗಿಸಿ ರೆಕಾರ್ಡಿಂಗ್ ಹಾಕಿದಳು. ಅದರಿಂದ ಅವಳದೇ ದನಿ ಬಂತು, "ಇಲ್ಲಿ ಒತ್ತಿ. ಆಮೇಲೆ ಇದನ್ನ ತೆರೀರಿ. ಈಗ ಅಲ್ಲಿಗೆ ಹೋಗಿ."

ಯಾರೂ ತಲೆ ಎತ್ತಲಿಲ್ಲ. ಕಣ್ಣು ಎಲೆಯ ಮೇಲೆ, ಬೆರಳು ನೂಲಿನ ಮೇಲೆ. ತಲೆ ಎತ್ತಿದರೆ ದಿನದ ಕೂಲಿ ಇಳಿಯುತ್ತದೆ. ಶೆಡ್ಡಿನಲ್ಲಿ ಬಿಡುವು ಇರುವುದು ಕಿವಿಗೆ ಮಾತ್ರ.

"ಇಲ್ಲಿ ಅಂದ್ರೆ ಎಲ್ಲಿ?" ಎಂದಿತು ಒಂದು ಮೂಲೆ.

ಏಟ್ಟ ಸ್ಮಿಷಳ ದನಿಯನ್ನೇ ಅಣಕಿಸಿದ. "ಇಲ್ಲೊತ್ತಿ, ಅಲ್ಲೊತ್ತಿ, ಕೊನೆಗೆ ನನ್ನ ಕತ್ತೊತ್ತಿ!" ಶೆಡ್ಡೇ ನಕ್ಕಿತು. ಸ್ಮಿಷಳ ಮುಖ ಸಣ್ಣದಾಯಿತು.

ರೋಹಿಣಿ ಮಾತ್ರ ನಗಲಿಲ್ಲ. "ಏಟ್ಟಾ, ಪೇಪರಿನ ಫೋಟೋ ನಮಗೆ ಕಾಣೋದಿಲ್ಲ. ನೀವು ಹೇಗೆ ಹೇಳ್ತೀರಿ?"

"ಎಡಗಡೆ ಹಾರ ಹಾಕ್ಕೊಂಡವನು ಮಂತ್ರಿ, ಅವನ ಹಿಂದೆ ಕೊಡೆ ಹಿಡಿದ..." ಏಟ್ಟ ಅಲ್ಲಿಗೇ ನಿಲ್ಲಿಸಿ ಫೋನಿನ ಕಡೆ ನೋಡಿದ.

"ಹಾಗೇ ಹೇಳಿಕೊಡಿ ಏಟ್ಟಾ," ಎಂದಳು ಸ್ಮಿಷ. "ಬೆರಳು ನಾನು ಓಡಿಸ್ತೇನೆ, ಬಾಯಿ ನಿಮ್ಮದು."

ಸಂಜೆ ಲೈಬ್ರರಿಯಲ್ಲಿ ಸ್ಮಿಷಳೂ ಏಟ್ಟನೂ ಕೂತರು, ಏಟ್ಟ ಹೇಳತೊಡಗಿದ. "ಮೇಲೆ ಬಲಗಡೆ ಮೂಲೆಯಲ್ಲಿ ಭೂತಕನ್ನಡಿಯ ಚಿತ್ರ ಉಂಟು, ಒತ್ತಿ. ಪಾಠದ ಹೆಸರು ಬರೀರಿ. ಕೆಳಗೆ ಹಸಿರು ಪಟ್ಟಿಯಲ್ಲಿ ಕೆಳಮುಖದ ಬಾಣ ಉಂಟು, ಅದನ್ನ ಒತ್ತಿದ್ರೆ ಪಾಠ ಫೋನಿಗೆ ಇಳೀತದೆ." ನೋಡುವವರಿಗೆ ಅದು ಪರದೆಯ ರೆಕಾರ್ಡಿಂಗ್. ಕೇಳುವವರಿಗೆ ಅದೇ ದನಿಯ ಪಾಡ್‌ಕಾಸ್ಟ್.

ಆಮೇಲೆ ದಿನಾ ಪೇಪರ್ ಮುಗಿದ ಕೂಡಲೇ ಫೋನ್ ಮಾತಾಡುತ್ತಿತ್ತು. ಒಂದು ಭಾನುವಾರ ರೋಹಿಣಿ ತನ್ನ ಮನೆಯ ಜಗಲಿಯಲ್ಲಿ ಕೂತು, ಯಾರನ್ನೂ ಕೇಳದೆ ಗಣಿತದ ಪ್ರಶ್ನೆಪತ್ರಿಕೆ ಇಳಿಸಿಕೊಂಡಳು. ಸೋಮವಾರ ಬಂದವಳೇ ಹೇಳಿದಳು, "ಇಷ್ಟು ವರ್ಷ ಬೀಡಿ ಕಟ್ಟಿದ ಕೈ, ಒಂದು ಪರೀಕ್ಷೆ ಕಟ್ಟೋದಿಲ್ವಾ?"

"ಹಾಗಾದ್ರೆ ಈಗ ನನಗೆ ಎರಡು ಬಾಯಿ," ಎಂದ ಏಟ್ಟ. "ಎರಡು ಪಾಲು ಕಟ್ಟಿ!"

"ಡಬ್ಬಿಯ ಪಾಲು ಡಬ್ಬಿಗೇ ಕೊಡ್ತೇವೆ, ಸುಮ್ನೆ ಓದಿ ಏಟ್ಟಾ!" ಎಂದು ಶೆಡ್ಡೇ ಕೂಗಿತು.

ಓದುಗರೇ, ಇನ್ನೊಮ್ಮೆ ಕೇಳಲು ನಾಚಿ ಲೈಬ್ರರಿಯ ಮೆಟ್ಟಿಲಿಂದಲೇ ತಿರುಗಿ ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ನಿಮ್ಮೂರಿನ ಲೈಬ್ರರಿಗೆ ಹೋಗಿ ಇಂಥ ರೆಕಾರ್ಡಿಂಗ್ ಉಂಟಾ ಎಂದು ಕೇಳಿ. ಇಲ್ಲದಿದ್ದರೆ ಮಾಡಿಸಿ. ಮಾಡುವವರೇ, ಹೊರಗೆ ಬಿಡುವ ಮೊದಲು ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ. "ಇಲ್ಲಿ" ಎಂದರೆ ಎಲ್ಲಿ ಎಂದು ತಿಳಿಯಬೇಕು. ಕೈಯ ಕೆಲಸ ಬಿಡುವುದು ಬೇಡ. ಕಿವಿ ಕೊಡಿ, ಸಾಕು.