ತೋರಿಸುವ ಸಾಬೂನು

“ನಿನ್ನ ಕೈ ತಗೊಂಡೋಗಿ ಬೆಂಕಿಗಿಡು, ಮುಂಡೆ. ಅದನ್ನ ನೋಡಿದ್ರೆ ನಾಯೀನೂ ಎಂಜಲು ಬಿಟ್ಟು ಓಡುತ್ತೆ.”

ಹೋಟೆಲಿನ ಯಜಮಾನ ಹೀಗೆ ಬೈಯುತ್ತಿದ್ದರೂ ಮುಸುರೆಯಕ್ಕ ಕುಕ್ಕರುಗಾಲಲ್ಲಿ ಕೂತು ತಟ್ಟೆ ತಿಕ್ಕುತ್ತಲೇ ಇದ್ದಳು. ಪಾತ್ರೆ ತೊಳೆಯುವವಳಿಗೆ ಮುಸುರೆ ಅಂತ ಹೆಸರಿಟ್ಟವನೂ ಅವನೇ. ಅದಕ್ಕೊಂದು ಅಕ್ಕ ಸೇರಿಸಿ ಮರ್ಯಾದೆ ಕೊಟ್ಟವನು ಮಾತ್ರ ಅಡುಗೆಯವನು. ಸೋಡಾಪುಡಿ ಅವಳ ಬೆರಳುಗಳನ್ನು ತಿಂದು ಹಾಕಿತ್ತು, ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ಈ ಸೋಡಾ ತಂದು ಸುರಿದವರು ಯಾರಪ್ಪಾ ಅಂತ ಕೇಳಲು ನಾಲಿಗೆ ತುರಿಸಿತು. ಸದ್ಯಕ್ಕೆ ತಡೆದುಕೊಂಡಳು.

ಹಿಂದಿನ ವಾರ ಇಲ್ಲಿ ಉಂಡುಹೋದ ಒಂದು ಮೇಜಿನ ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದರು. ಈವತ್ತು ತಪಾಸಣೆಗೆ ಆರೋಗ್ಯ ಇಲಾಖೆಯ ಸಾಹೇಬರು ಬರುತ್ತಾರೆ. ತಪ್ಪನ್ನು ಯಾರದಾದರೂ ತಲೆಗೆ ಕಟ್ಟಲೇಬೇಕು, ಅದಕ್ಕೆ ಯಜಮಾನನಿಗೆ ಕಂಡದ್ದು ಈ ಕೈ. ಅವಳು ಸಾಹೇಬರ ಮುಂದೆ ನಿಂತು, ಕೈ ತೊಳೆಯದೆ ತಟ್ಟೆ ಮುಟ್ಟಿದ್ದು ನಾನೇ ಅಂತ ಒಪ್ಪಿಕೊಳ್ಳಬೇಕು, ಅವನು ಅಲ್ಲೇ ಕೆಲಸದಿಂದ ಕಿತ್ತುಹಾಕಿದಂತೆ ಮಾಡುತ್ತಾನೆ, ಗಲಾಟೆ ತಣ್ಣಗಾದ ಮೇಲೆ ಹಿಂಬಾಗಿಲಿಂದ ಕರೆಸಿಕೊಳ್ಳುತ್ತಾನೆ. ಅವಳಿಗೇನು ಗೊತ್ತಾಗದೆ? ಕೊಳಕು ಕೈಯವಳು ಅನ್ನುವ ಹೆಸರು ಒಮ್ಮೆ ಅಂಟಿದರೆ ಈ ಬೀದಿಯಲ್ಲಿ ಯಾವ ಅಡುಗೆಮನೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳಿಗೆ ಬೇರೆ ಕೆಲಸ ಬರುವುದಿಲ್ಲ, ಮನೆಯಲ್ಲಿ ದುಡಿಯುವ ಕೈ ಬೇರೆ ಇಲ್ಲ.

ಜನ ಕಾಯಿಲೆ ಬಿದ್ದದ್ದು ಯಾತಕ್ಕೆ ಅಂತಲೂ ಅವಳಿಗೆ ಗೊತ್ತು. ತಾರಸಿಯ ಮೇಲಿನ ಟ್ಯಾಂಕಿನ ಮುಚ್ಚಳ ಒಡೆದು ಬಹಳ ಕಾಲವಾಗಿತ್ತು. ಒರೆಸುವ ಬಟ್ಟೆ ಒಣಹಾಕಲು ಹೋದವಳು ಇಣುಕಿದರೆ ಒಳಗೆ ಪಾರಿವಾಳವೊಂದು ಸತ್ತು ಉಬ್ಬಿ ತೇಲುತ್ತಿತ್ತು. ಓಡಿಬಂದು ಹೇಳಿದಳು. ಯಜಮಾನ ಅಡುಗೆಯವನ ಕೈಗೆ ಕೋಲು ಕೊಟ್ಟು ಹಕ್ಕಿಯನ್ನು ತೆಗೆಸಿದ. ನೀರನ್ನೂ ಚೆಲ್ಲೋಣ ಅಂತ ಅವಳು ಅಂದದ್ದಕ್ಕೆ, “ಚೆಲ್ಲಿದ್ರೆ ನಿಮ್ಮಪ್ಪ ಬಂದು ತುಂಬಿಸ್ತಾನಾ? ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ” ಅಂದ. ಅವತ್ತಿನಿಂದ ಅವನ ಗಲ್ಲಾಪೆಟ್ಟಿಗೆಯ ಪಕ್ಕ ಬಾಟಲಿ ನೀರು ಬಂದು ಕೂತಿತು. ಪುಣ್ಯಾತ್ಮನಿಗೆ ತನ್ನ ಹೊಟ್ಟೆಯ ಮೇಲೆ ಮಾತ್ರ ಬಲು ಕರುಣೆ.

ತಪಾಸಣೆಯ ದಿನ ಅಡುಗೆಮನೆಗೆ ಮದುವಣಗಿತ್ತಿಯ ಕಳೆ ಬರುತ್ತದೆ. ಮೊಳೆಗೆ ನೇತುಹಾಕಿದ ಟೋಪಿಗಳು ತಲೆಗೇರುತ್ತವೆ. ಹೋದ ಸಲದ್ದೇ ರಬ್ಬರ್ ಕೈಗವಸುಗಳು ಕೈಗೇರುತ್ತವೆ. ಕೈತೊಳೆಯುವ ತೊಟ್ಟಿಯ ಮೇಲೆ ಬಣ್ಣದ ಕಾಗದ ಸುತ್ತಿದ ಸಾಬೂನು ಪ್ರತ್ಯಕ್ಷವಾಗುತ್ತದೆ. ಸಾಹೇಬರು ಬೆನ್ನು ತಿರುಗಿಸಿದರೆ ಅದು ಮತ್ತೆ ಬೀರುವಿಗೆ ಹೋಗಿ ಬೀಗ ಹಾಕಿಸಿಕೊಳ್ಳುತ್ತದೆ. ಅದರ ಕಾಗದವನ್ನು ಇದುವರೆಗೆ ಯಾರೂ ಬಿಚ್ಚಿರಲಿಲ್ಲ.

ಮುಸುರೆಯಕ್ಕ ಎದ್ದುಹೋಗಿ ಬಿಚ್ಚಿದಳು.

ಅಡುಗೆಯವನು ಸೌಟು ಬಿಟ್ಟು ಓಡಿಬಂದ. “ಅಕ್ಕಾ, ಅದು ಸಾಹೇಬ್ರಿಗೆ ತೋರ್ಸೋ ಸಾಬೂನು.”

“ತೋರ್ಸೋಣ ಬಿಡಣ್ಣ. ಕರಗಿರೋದನ್ನ ತೋರ್ಸೋಣ.”

ಬೀದಿ ನಲ್ಲಿಯಿಂದ ಕೆಲಸದವರು ತಾವು ಕುಡಿಯಲು ಹೊತ್ತು ತಂದಿದ್ದ ಕೊಡದ ನೀರು ಬಗ್ಗಿಸಿಕೊಂಡು ಮೊಣಕೈವರೆಗೂ ನೊರೆ ಏರಿಸಿದಳು. ಬಿರುಕುಗಳು ಚುರುಗುಟ್ಟಿದವು, ಆದರೂ ಖುಷಿಯಾಯಿತು. ಗುಲಾಬಿಯ ಘಮ. ಅದೇ ಕೈಯಲ್ಲಿ ಒಂದು ಗಾಜಿನ ಲೋಟ ತೊಳೆದಳು. ಟ್ಯಾಂಕಿನ ನಲ್ಲಿ ತಿರುಗಿಸಿ ತುಂಬಿಸಿಕೊಂಡು ತಟ್ಟೆಯ ಮೇಲಿಟ್ಟಳು.

ಹೊರಗೆ ಫ್ಯಾನಿನ ಕೆಳಗೆ ಸಾಹೇಬರು ಊಟ ಮುಗಿಸಿ ಹಲ್ಲು ಚುಚ್ಚಿಕೊಳ್ಳುತ್ತಿದ್ದರು. ಊಟ ಬಂದದ್ದು ಯಜಮಾನನ ಮನೆಯಿಂದ, ನೀರು ಬಾಟಲಿಯಿಂದ. ಸುತ್ತ ಗಿರಾಕಿಗಳು ತಮ್ಮ ಪಾಡಿಗೆ ಉಣ್ಣುತ್ತಿದ್ದರು.

“ಇವಳೇ ಸಾಹೇಬ್ರೇ. ಕೈ ನೋಡಿ, ನಿಮಗೇ ತಿಳಿಯುತ್ತೆ. ಅಯ್ಯೋ ಪಾಪ ಅಂತ ಇಟ್ಕೊಂಡಿದ್ದು ನನ್ನ ತಪ್ಪು” ಅಂದ ಯಜಮಾನ. ಗಂಟಲಲ್ಲಿ ಅದೇನು ದುಃಖ!

ಸಾಹೇಬರು ಬೆರಳಲ್ಲೇ ಸನ್ನೆ ಮಾಡಿದರು. ಮುಸುರೆಯಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಅವರ ಮೂಗಿನ ಬುಡಕ್ಕೇ ಹಿಡಿದಳು. ಅವರು ಹಿಂದಕ್ಕೆ ಸರಿದವರು, ಘಮ ಬಂದದ್ದಕ್ಕೆ ಹುಬ್ಬು ಏರಿಸಿದರು. ಒಪ್ಕೋತೀಯಾ ಅಂತ ಕೇಳಿದರು.

“ಒಪ್ಕೋತೀನಿ ಸಾಹೇಬ್ರೇ. ಯಜಮಾನ್ರು ಹೇಳ್ಕೊಟ್ಟಿದ್ನೆಲ್ಲಾ ಒಂದೂ ಬಿಡದೆ ಹೇಳ್ತೀನಿ.” ಲೋಟವನ್ನು ಯಜಮಾನನ ಮುಂದಕ್ಕೆ ಸರಿಸಿದಳು. “ಅದಕ್ಮುಂಚೆ ಇವರು ಇದೊಂದು ಲೋಟ ಕುಡೀಲಿ. ಲೋಟ ಸಾಬೂನು ಹಾಕಿ ತೊಳೆದಿದ್ದೀನಿ. ನೀರು ನಮ್ಮ ಟ್ಯಾಂಕಿಂದು, ದಿನಾ ಗಿರಾಕಿಗಳಿಗೆ ಕೊಡೋದು.”

ಪಕ್ಕದ ಮೇಜಿನವನು ಬಾಯಿಗಿಟ್ಟ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಟೋಪಿಗಳು ಒಂದರ ಹಿಂದೆ ಒಂದು ಬಂದು ನಿಂತವು.

“ನನಗೆ ಬಾಯಾರಿಕೆ ಇಲ್ಲ” ಅಂದ ಯಜಮಾನ. ಅವನ ಬಿಳಿ ಅಂಗಿಯ ಕಂಕುಳು ಒದ್ದೆಯಾಗಿತ್ತು.

“ಕುಡೀರಿ, ನೀರು ತಾನೆ” ಅಂದರು ಸಾಹೇಬರು. ಅನ್ನುತ್ತಲೇ ಅವರ ಕಣ್ಣು ಬಾಟಲಿಯಿಂದ ಲೋಟಕ್ಕೂ, ಲೋಟದಿಂದ ಯಜಮಾನನ ಮುಖಕ್ಕೂ ಹೋಯಿತು. ತೆಗೆದ ಪೆನ್ನು ಕೈಯಲ್ಲೇ ಉಳಿಯಿತು.

ಯಜಮಾನ ಲೋಟ ಹಿಡಿದ. ಎತ್ತಲೂ ಇಲ್ಲ, ಬಿಡಲೂ ಇಲ್ಲ.

ಈ ಹೋಟೆಲಿನಲ್ಲಿ ಕೆಲಸದವರು ಗಿರಾಕಿಗಳ ಕುರ್ಚಿ ಮುಟ್ಟುವುದು ಒರೆಸುವುದಕ್ಕೆ ಮಾತ್ರ. ಮುಸುರೆಯಕ್ಕ ಒಂದು ಕುರ್ಚಿ ಎಳೆದುಕೊಂಡು ಅವನೆದುರಿಗೇ ಕೂತಳು. ಉರಿಯುವ ಕೈಗಳನ್ನು ಫ್ಯಾನಿನ ಗಾಳಿಗೆ ಹರವಿ ಮೇಜಿನ ಮೇಲಿಟ್ಟಳು.

“ನಂಗೇನೂ ಅವಸರ ಇಲ್ಲ ಯಜಮಾನ್ರೇ” ಅಂದಳು. “ಬಾಯಾರಿಕೆ ಆಗೋವರ್ಗೂ ಕೂತಿರ್ತೀನಿ.”