ನಿಲ್ಲದ ತೋಳು

ಸ್ವೆಟರಿನ ಹಳದಿ ತೋಳು ಯಂತ್ರದಿಂದ ಇಳಿದು, ನೆಲದ ಮೇಲೆ ಹರಿದು, ಹೊಸ್ತಿಲು ದಾಟುವುದರಲ್ಲಿತ್ತು. ಅಕ್ಕ ಸ್ವಿಚ್ ಆರಿಸಿದಳು.

"ಯಾರಿಗೋ ಇದು? ಆನೆ ಸೊಂಡಿಲಿಗಾ?"

ತಮ್ಮ ತಲೆ ಕೆರೆದುಕೊಂಡ. ಶಾಲೆಯಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಇನ್ನೂ ಚಿನ್ನಿ. ಅಕ್ಕನ ಹೆಣಿಗೆ ಯಂತ್ರದ ಮಿದುಳು ಸುಟ್ಟುಹೋದಾಗ ಹಳೆಯ ಪ್ರೊಸೆಸರ್ ಒಂದನ್ನು ತಂದು ಕೂರಿಸಿ, ಪುಸ್ತಕ ನೋಡಿ ಅದಕ್ಕೆ ಆಜ್ಞೆ ಬರೆಯುವ ಅಸೆಂಬ್ಲಿ ಭಾಷೆ ಕಲಿತು, ಆರು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಇವತ್ತು ನಾಲ್ಕು ಗಂಟೆಗೆ ಗುಜರಿಯವನು ಬರುತ್ತಾನೆ. ಅಷ್ಟರೊಳಗೆ ನೆಟ್ಟಗಾಗದಿದ್ದರೆ ಯಂತ್ರವನ್ನು ಅವನಿಗೇ ಕೊಡುವುದೆಂದು ಅಕ್ಕ ಹೇಳಿಯಾಗಿತ್ತು. ಚಿನ್ನಿ ಮಗ್ಗಿ ಬಾಯಿಪಾಠ ಮಾಡಿದ್ದೇ ಅದರ ಕಟಕಟ ಸದ್ದಿನ ಪಕ್ಕದಲ್ಲಿ ಕೂತು. ಅದನ್ನು ಗುಜರಿ ಗಾಡಿ ಹತ್ತಿಸಲು ಅವನಿಗೆ ಮನಸ್ಸಿರಲಿಲ್ಲ.

"ಇನ್ನೊಂದೇ ಸಲ ಅಕ್ಕಾ."

"ನೂರು ಸಲ ಮಾಡು, ನಾನೇನು ಬೇಡ ಅಂದ್ನಾ?"

ಉದ್ದನೆಯ ತೋಳನ್ನು ಬಿಡಿಸಿಟ್ಟು ಮೊದಲಿನಿಂದ ಶುರು ಮಾಡಿದ. ಯಂತ್ರ ಓಡಿತು. ಅವನ ಕಣ್ಣೆಲ್ಲ ಸೂಜಿಗಳ ಮೇಲೆ. ಅಕ್ಕ ಮಾತ್ರ ಕನ್ನಡಕ ಏರಿಸಿ, ಸಾಲುಗಳ ಲೆಕ್ಕ ತೋರಿಸುವ ಪುಟ್ಟ ಕೆಂಪು ಅಂಕಿಗಳನ್ನೇ ನೋಡುತ್ತಿದ್ದಳು. ಮೂವತ್ತೊಂಬತ್ತು, ನಲವತ್ತು. ನೀಲಿ ದಾರ ಹೋಗಿ ಹಳದಿ ಬಂತು.

"ಚಿನ್ನೀ, ನಲವತ್ತಾದ್ಮೇಲೆ ಮೂರು ಬರೋದು ಯಾವ ಶಾಲೇಲೋ?"

"ಮೂರಾ? ಅದು ಹಳದಿ ದಾರದ ನಂಬರು..."

"ಆ ನಂಬರನ್ನ ಎಲ್ಲಿಟ್ಟಿದ್ದೀಯಾ?"

ಅವನು ಹಾಳೆಯ ಮೇಲೊಂದು ಉದ್ದನೆಯ ಚೌಕ ಬರೆದ. "ರಿಜಿಸ್ಟರ್ ಅಂದ್ರೆ ಪ್ರೊಸೆಸರ್ ಕೈಗೆ ಸಿಗೋ ಹಾಗೆ ಇಟ್ಕೊಂಡಿರೋ ಡಬ್ಬಿ. ಇದು ಎಎಕ್ಸ್, ಹದಿನಾರು ಬಿಟ್, ಅಂದ್ರೆ ಹದಿನಾರು ಸೊನ್ನೆ-ಒಂದು ಹಿಡಿಯತ್ತೆ. ಸಾಲಿನ ಲೆಕ್ಕ ಇದರಲ್ಲಿ. ನಡುವೆ ಗೆರೆ ಎಳೆದ್ರೆ ಮೇಲಿನ ಎಂಟು ಬಿಟ್ ಎಎಚ್, ಕೆಳಗಿನ ಎಂಟು ಎಎಲ್. ಬಣ್ಣದ ನಂಬರು ಎಎಲ್‌ನಲ್ಲಿ. ಹೆಸರೇ ಬೇರೆ ಅಲ್ವಾ ಅಕ್ಕಾ?"

"ಹೆಸರು ಬೇರೆ ಆದ್ರೇನೋ, ಡಬ್ಬಿ ಒಂದೇ ತಾನೇ? ನಾನೀಗ ಚಿನ್ನಿ ಕೆನ್ನೆಗೆ ಎರಡು ಬಿಟ್ರೆ ಮೇಷ್ಟ್ರಿಗೆ ಉರಿಯಲ್ವಾ?"

ಅವನು ಹಣೆ ಚಚ್ಚಿಕೊಂಡ. ಅಂಗೈ ಹುಣ್ಣಿಗೆ ಆರು ತಿಂಗಳು ಕನ್ನಡಿ ಹುಡುಕಿದಂತಾಗಿತ್ತು. ನಲವತ್ತು ಎಂಬ ಸಣ್ಣ ಸಂಖ್ಯೆ ಇಡಿಯಾಗಿ ಇದ್ದದ್ದೇ ಆ ಕೆಳಗಿನ ಅರ್ಧದಲ್ಲಿ. ಬಣ್ಣದ ಮೂರು ಬಂದು ಅದರ ಮೇಲೇ ಕೂತಿತ್ತು. ಮತ್ತೆ ಮೂರರಿಂದ ನಲವತ್ತಕ್ಕೆ, ಮತ್ತೆ ಮೂರಕ್ಕೆ. ತೋಳು ಮುಗಿಯಬೇಕಾದ ತೊಂಬತ್ತನೇ ಸಾಲು ಬರುವುದೆಲ್ಲಿಂದ?

ಬಣ್ಣದ ನಂಬರನ್ನು ಪಕ್ಕದ ಬಿಎಕ್ಸ್ ಡಬ್ಬಿಗೆ ಸಾಗಿಸಿ ಯಂತ್ರ ಚಾಲೂ ಮಾಡಿದ. ನಲವತ್ತು. ಇಬ್ಬರೂ ಅಂಕಿಗಳತ್ತ ಬಗ್ಗಿದರು. ನಲವತ್ತೊಂದು. ತೊಂಬತ್ತಕ್ಕೆ ಯಂತ್ರ ತಾನಾಗಿ ನಿಂತಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಕ್ಕ ಗುಜರಿಯವನ ಕೈಗೆ ಹಳೇ ಪೇಪರಿನ ಕಟ್ಟು ಕೊಟ್ಟಳು. ಅವನು ಹೊಸ್ತಿಲ ಬಳಿ ಬಿದ್ದಿದ್ದ ಉದ್ದನೆಯ ತೋಳಿನ ಕಡೆ ಕೈ ತೋರಿಸಿದ. "ಅಮ್ಮಾ, ಈ ಚಿಂದಿ?"

"ಚಿಂದಿ ನಿಮ್ಮಪ್ಪಂದು! ನನ್ನ ತಮ್ಮ ನನಗೆ ಅಂತ ಹೆಣೆದಿದ್ದಯ್ಯಾ ಅದು."

ಅದನ್ನೆತ್ತಿ ಕುತ್ತಿಗೆಗೆ ನಾಲ್ಕು ಸುತ್ತು ಸುತ್ತಿಕೊಂಡು ಒಳಗೆ ನಡೆದಳು. ಆದರೂ ಹಿಂದೆ ಒಂದು ಮಾರು ಎಳೆಯುತ್ತಲೇ ಇತ್ತು. ಮೇಷ್ಟ್ರು ಬಗ್ಗಿ ಅದರ ತುದಿ ಹಿಡಿದುಕೊಂಡು ಅಕ್ಕನ ಹಿಂದೆಯೇ ಹೋದ.