ರಾಕೆಟ್ ಕಟ್ಟೆಯ ಕೀಲಿ ಯಾರ ಜೇಬಿನಲ್ಲಿದೆ?

ಕ್ಯಾನ್ಸಸ್‌ನಲ್ಲಿ ಗೋಧಿ ಕೊಯ್ಲು ಮುಗಿದರೆ ಸಾಕು, ಮದ್ದು ತುಂಬಿ ಹಾರಿಸುವ ಮಕ್ಕಳ ಕಾಗದದ ರಾಕೆಟ್‌ಗಳು ಹೊರಬರುತ್ತವೆ. ಅವುಗಳ ಹಿಂದೆಯೇ ಅಪ್ಪಂದಿರ ಬುದ್ಧಿವಂತಿಕೆಯೂ ಹೊರಬರುತ್ತದೆ. ವರ್ನಾಳಿಗೆ ತಲೆಚಿಟ್ಟು ಹಿಡಿದಿದ್ದು ಅದರಿಂದಲೇ. ಮಗಳು ಜೂನ್‌ಳ ರಾಕೆಟ್ಟಿಗೆ ಹಾರಿಸುವ ಕಟ್ಟೆ ಮಾಡುತ್ತೇನೆಂದು ಗಂಡ ಲೈಲ್ ಬೆಳಗಿನಿಂದ ಶೆಡ್ಡಿನಲ್ಲಿ ಕುಟ್ಟುತ್ತಿದ್ದ. ಊಟ ಆರಿ ತಣ್ಣಗಾಗಿತ್ತು.

"ಕಟ್ಟೆ ಅಂಗಡೀಲಿ ಸಿಗತ್ತಲ್ಲೋ!" ಎಂದಳು ವರ್ನಾ.

"ಮನೇಲಿ ಇಷ್ಟು ಕಬ್ಬಿಣ ಬಿದ್ದಿರುವಾಗ ಪ್ಲಾಸ್ಟಿಕ್ ತರ್ಬೇಕಾ? ನನ್ನ ಮಾನ ಏನಾಗ್ಬೇಕು?"

ಹಳೇ ನೇಗಿಲಿನ ಉಕ್ಕಿನ ತಟ್ಟೆ, ಅದರ ಮೇಲೆ ರಾಕೆಟ್ ನಿಲ್ಲಿಸಲು ನೆಟ್ಟಗೆ ಒಂದು ಸಲಾಕೆ, ರಾಕೆಟ್ಟಿನ ಬುಡಕ್ಕೆ ಸಿಕ್ಕಿಸುವ ಕೊಂಡಿಗಳಿಂದ ಪಿಕಪ್ ಗಾಡಿಯ ಬ್ಯಾಟರಿಗೆ ಎರಡು ತಂತಿ. ಅಷ್ಟೇ ಅವನ ಕಟ್ಟೆ.

ಹಳ್ಳಿ ಮಕ್ಕಳ 4-ಎಚ್ ಕ್ಲಬ್ಬಿನಲ್ಲಿ ರಾಕೆಟ್ ಕಲಿಸುವ ಪಕ್ಕದ ಹೊಲದ ನಾರ್ಮಾ ಬಂದು ನೋಡಿದಳು. "ತಟ್ಟೆ ಚೆನ್ನಾಗಿದೆ ಲೈಲ್, ಬೆಂಕಿ ನೆಲಕ್ಕೆ ತಾಗಲ್ಲ. ಆದ್ರೆ ಕರೆಂಟು ತಡೆಯೋ ಕೀಲಿ ಎಲ್ಲಿ? ಸಲಾಕೆ ತುದಿಗೆ ಮುಚ್ಚಳ ಇಲ್ಲ, ಬಗ್ಗಿದ್ರೆ ಕಣ್ಣಿಗೇ ಚುಚ್ಚತ್ತೆ. ಸುತ್ತ ಒಣಕೂಳೆ, ಒಂದು ಬಕೆಟ್ ನೀರೂ ಇಟ್ಟಿಲ್ಲ!"

"ಮೂವತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದೀನಿ ಕಣಮ್ಮ. ಈ ಬೆರಳುದ್ದದ ಮದ್ದಿನ ಮೋಟಾರಿಗೆ ಹೆದರ್ಲಾ?"

"ಬಿಡು ನಾರ್ಮಾ, ಕೋಣನ ಮುಂದೆ ಕಿನ್ನರಿ," ಎಂದಳು ವರ್ನಾ.

ಲೈಲ್ ರಾಕೆಟ್ಟನ್ನು ಸಲಾಕೆಗೇರಿಸಿ ಬ್ಯಾಟರಿಗೆ ತಂತಿ ಸಿಕ್ಕಿಸಿದ. ರಾಕೆಟ್ ಅಲುಗಲಿಲ್ಲ. ತಂತಿಯನ್ನು ಹಾಗೇ ಬಿಟ್ಟು, "ಜೂನ್, ಅಲ್ಲಿ ಕೊಂಡಿ ಸಡಿಲ ಆಗಿರ್ಬೇಕು, ನೋಡು ಹೋಗು," ಎಂದ.

ಹುಡುಗಿ ಓಡಿದಳು. ಬ್ಯಾಟರಿಯ ತಂತಿ ಹಾಗೇ ಇದ್ದದ್ದು ಕಂಡು ವರ್ನಾಳೂ ಹಿಂದೆಯೇ ಓಡಿದಳು. ಜೂನ್ ಬಗ್ಗಿ ಕೊಂಡಿ ಮುಟ್ಟಿದ್ದೇ ತಡ, ವರ್ನಾ ಅವಳ ಅಂಗಿ ಹಿಡಿದು ಹಿಂದಕ್ಕೆಳೆದಳು. ಭುಸ್ಸೆಂದು ಬೆಂಕಿ ಕಾರುತ್ತಾ ರಾಕೆಟ್ ಮೇಲೆದ್ದಿತು. ಜೂನ್‌ಳ ಮುಂಗೂದಲು ಸುಟ್ಟು ವಾಸನೆ ಬಂತು.

"ಮಾನ ಮಾನ ಅಂತಿದ್ಯಲ್ಲ, ಈಗ ಎಲ್ಲಿಟ್ಕೊಂಡಿದೀಯ ಅದನ್ನ?" ಎಂದಳು ವರ್ನಾ, ಮಗಳ ಹಣೆ ಸವರುತ್ತಾ.

ಲೈಲ್ ಬ್ಯಾಟರಿಯ ತಂತಿ ಕಿತ್ತೆಸೆದ. ನಾರ್ಮಾ ಹೇಳಿದಳು: "ಹಾರದಿದ್ರೆ ಮೊದ್ಲು ಕೀಲಿ ಕಿತ್ತು ಜೇಬಿಗೆ ಹಾಕ್ಕೋಬೇಕು. ಒಂದು ನಿಮಿಷ ಕಾಯ್ಬೇಕು. ಆಮೇಲೇ ಹತ್ರ ಹೋಗೋದು."

ಲೈಲ್ ಶೆಡ್ಡಿಗೆ ಹೋಗಿ, ಕೆಟ್ಟು ನಿಂತ ಟ್ರ್ಯಾಕ್ಟರಿನ ಕೀಲಿ ಹಾಕಿ ತಿರುಗಿಸುವ ಸ್ವಿಚ್ಚನ್ನು ಕಿತ್ತು ತಂದು ತಂತಿಯ ನಡುವೆ ಜೋಡಿಸಿದ. ಸಲಾಕೆಯ ತುದಿಗೆ ಬಿರಡೆ ಚುಚ್ಚಿದ. ನೀರೂ ತಂದಿಟ್ಟ. ಕೀಲಿಯನ್ನು ಮಗಳ ಅಂಗೈಗೆ ಕೊಟ್ಟ.

"ನೀನು ರಾಕೆಟ್ ಹತ್ರ ಇರೋವರೆಗೂ ಇದು ನಿನ್ನ ಜೇಬಲ್ಲೇ ಇರ್ಲಿ. ನಾನು ಕೇಳಿದ್ರೂ ಕೊಡ್ಬೇಡ."

ಮನೆಯಲ್ಲೇ ಕಟ್ಟೆ ಮಾಡುವ ಜಾಣರೇ, ಮಾಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಕೀಲಿಯಿಲ್ಲದೆ ತಂತಿ ಎಳೆಯಬೇಡಿ. ರಾಕೆಟ್ಟಿನ ಹತ್ತಿರ ಹೋಗುವವರ ಜೇಬಿನಲ್ಲೇ ಆ ಕೀಲಿ ಇರಲಿ. ಸುಟ್ಟ ಕೂದಲು ಮತ್ತೆ ಬೆಳೆಯುತ್ತದೆ, ಕಣ್ಣು ಬೆಳೆಯುವುದಿಲ್ಲ.